ಬೆಟ್ಟದ ಮೇಲಿನ ಊರಿಗೂ ಒಂದು ಬೆಟ್ಟ ಬೇಕು

ಮೈಸೂರಿನವರನ್ನು ಕಂಡರೆ ನನಗೆ ಒಂದೇ ಒಂದು ವಿಷಯಕ್ಕೆ ಹೊಟ್ಟೆಕಿಚ್ಚು. ಅರಮನೆಗಲ್ಲ. ದಸರೆಗಂತೂ ಅಲ್ಲವೇ ಅಲ್ಲ, ರಾತ್ರಿಯಿಡೀ ಹತ್ತು ಮಂಟಪ ಸುತ್ತುವ ದಸರೆ ನಮ್ಮ ಮಡಿಕೇರಿಯಲ್ಲೂ ಇದೆ. ನನ್ನ ಹೊಟ್ಟೆಕಿಚ್ಚು ಚಾಮುಂಡಿ ಬೆಟ್ಟದ ಮೇಲೆ. ಬೆಳಗಿನ ಜಾವ ಎದ್ದು, ಶೂ ಹಾಕಿಕೊಂಡು, ಸಾವಿರ ಮೆಟ್ಟಿಲು ಹತ್ತಿ, ನಡುವೆ ನಂದಿಯ ಹತ್ತಿರ ನಿಂತು ಉಸಿರು ಬಿಟ್ಟು, ಮೇಲೆ ಅಮ್ಮನಿಗೆ ಕೈಮುಗಿದು, ಇಳಿದು ಬಂದು ದೋಸೆ ತಿಂದು ಆಫೀಸಿಗೆ ಹೋಗುವ ಜನ ಅವರು. ಮಳೆಗಾಲ, ಚಳಿಗಾಲ, ಬೇಸಿಗೆ ಎಲ್ಲಾ ಒಂದೇ. ಯಾರೂ ಅದನ್ನು ಟ್ರೆಕ್ಕಿಂಗ್ ಅನ್ನುವುದಿಲ್ಲ, ಬ್ಯಾಗು ಕಟ್ಟುವುದಿಲ್ಲ, ಸ್ಟೇಟಸ್ಸಿಗೆ ಹಾಕುವುದಿಲ್ಲ. ಬೆಟ್ಟಕ್ಕೆ ಹೋಗಿ ಬಂದೆ, ಅಷ್ಟೇ.

ಇದನ್ನು ಹೇಳಿದರೆ ಗೆಳೆಯರು ನಗುತ್ತಾರೆ. "ಮಡಿಕೇರಿಯಲ್ಲಿ ಕೂತ್ಕೊಂಡು ಬೆಟ್ಟ ಇಲ್ಲ ಅಂತೀಯಲ್ಲ ಮಾರಾಯ!" ಅಂತ. ಮಾತು ಸುಳ್ಳಲ್ಲ. ಊರು ಇರುವುದೇ ಸಮುದ್ರ ಮಟ್ಟದಿಂದ 1,100 ಮೀಟರಿಗಿಂತ ಮೇಲೆ. ಮಾರ್ಕೆಟ್ಟಿನಿಂದ ತರಕಾರಿ ಚೀಲ ಹಿಡಿದು ಮನೆಗೆ ಬಂದರೂ ಏದುಸಿರು ಬರುತ್ತೆ. ಸಂತೆ ದಿನ ನಮ್ಮ ಹೆಂಗಸರು ಹತ್ತುವಷ್ಟು ಏರು ಬೆಂಗಳೂರಿನ ಜಿಮ್ಮಿನಲ್ಲಿ ತಿಂಗಳಿಗೂ ಸಿಗಲಿಕ್ಕಿಲ್ಲ. ಆದರೆ ಸುಮ್ನೆ ನಡೆಯೋಣ ಅಂತ ಮನೆಯಿಂದ ಹೊರಟು ನೋಡಿ, ಆಗ ಗೊತ್ತಾಗುತ್ತೆ. ಈ ಕಡೆ ಕಾಫಿ ತೋಟ, ಅದಕ್ಕೊಂದು ಬೇಲಿ, ಬೇಲಿಗೊಂದು ಗೇಟು, ಗೇಟಿನ ಹಿಂದೊಂದು ನಾಯಿ. ಆ ಕಡೆ ಮೀಸಲು ಅರಣ್ಯ. ನಡುವೆ ಉಳಿದ ಜಾಗದಲ್ಲಿ ಹೋಂಸ್ಟೇ. ಸಾಮಾನ್ಯ ಮನುಷ್ಯನಿಗೆ ನಡೆಯಲು ಉಳಿಯುವುದು ಟಾರು ರಸ್ತೆ, ಅದರಲ್ಲೂ ತಿರುವಿನಲ್ಲಿ ಹಾರ್ನ್ ಹಾಕದೇ ಬರುವ ಹೊರ ಊರಿನ ಕಾರು ಬಿಟ್ಟ ಜಾಗ. ಕಣ್ಣಿಗೆ ಸುತ್ತ ಬೆಟ್ಟ, ಕಾಲಿಗೆ ಒಂದೂ ಇಲ್ಲ.

ನಾನು ಕೆಲಸಕ್ಕೆ ಅಂತ ಬಂದು ಇಲ್ಲೇ ಉಳಿದವನು. ಬಯಲುಸೀಮೆಯವನಾದ್ದರಿಂದ ಬೆಟ್ಟ ಕಂಡರೆ ಹತ್ತಬೇಕು ಅನ್ನಿಸುವ ಚಾಳಿ ಇನ್ನೂ ಹೋಗಿಲ್ಲ. ನಮ್ಮ ಓಣಿಯಲ್ಲಿ ಮಿಲಿಟರಿಯಿಂದ ರಿಟೈರ್ ಆಗಿ ಬಂದ ಹಿರಿಯರೊಬ್ಬರಿದ್ದಾರೆ, ನಾವೆಲ್ಲ ಅಂಕಲ್ ಅಂತೀವಿ. ಭಾನುವಾರ ನಾನು ಹೊರಡುವುದು ಕಂಡರೆ ಅವರದ್ದು ಒಂದೇ ಪ್ರಶ್ನೆ. "ಬೆಟ್ಟದಲ್ಲಿ ಏನು ಕೆಲಸ?" ತಮಾಷೆಗೆ ಕೇಳುವುದಲ್ಲ, ನಿಜಕ್ಕೂ ಅವರಿಗೆ ಅರ್ಥವಾಗುವುದಿಲ್ಲ. ಅವರ ಕಾಲದಲ್ಲಿ ಬೆಟ್ಟಕ್ಕೆ ಹೋಗುವುದಕ್ಕೆ ಕಾರಣ ಬೇಕಿತ್ತು. ಏಲಕ್ಕಿ ಮಲೆಗೆ ಹೋಗಿ ದಿನಗಟ್ಟಲೆ ಅಲ್ಲೇ ಇದ್ದು ಕೊಯ್ದು ತರುತ್ತಿದ್ದರು. ಬೇಟೆ ಇತ್ತು. ದನ ಮೇಯಲು ಹೋಗಿ ಬರದಿದ್ದರೆ ಹುಡುಕಲು ಹೋಗಬೇಕಿತ್ತು. ವರ್ಷಕ್ಕೊಮ್ಮೆ ದೇವರ ಕಾರ್ಯ. ಸುಮ್ನೆ ಮೇಲೆ ಹೋಗಿ, ಗಾಳಿ ಕುಡಿದು, ಕೆಳಗೆ ಬರುವುದಕ್ಕೆ ಅವರಲ್ಲಿ ಹೆಸರೇ ಇರಲಿಲ್ಲ. ರಾಜರಿಗೆ ಮಾತ್ರ ಅಂಥ ಪುರುಸೊತ್ತು ಇತ್ತು ಅನ್ನಿಸುತ್ತೆ, ಅದಕ್ಕೇ ರಾಜಾಸೀಟು ಅಂತ ಒಂದು ಜಾಗ ಆಯಿತು.

ಈಗ ಕಾಲ ತಿರುಗಿದೆ. ನಮ್ಮ ನೆಂಟರೂ, ನೆಂಟರ ನೆಂಟರೂ, ನಾನು ಕೊಡಗಿನಲ್ಲಿದ್ದೇನೆ ಅಂತ ಯಾರಿಂದಲೋ ತಿಳಿದವರೂ ಫೋನ್ ಮಾಡಿ ಕೇಳುವುದು ಒಂದೇ. ಯಾವಾಗ ಬಂದರೆ ಒಳ್ಳೇದು? ವರ್ಷವಿಡೀ ಬರಬಹುದಾ? ಇಂಟರ್ನೆಟ್ಟಿನಲ್ಲಿ ಹಾಗೇ ಬರೆದಿರುತ್ತಾರಲ್ಲ, ಕೊಡಗು ಹನ್ನೆರಡು ತಿಂಗಳೂ ಸ್ವರ್ಗ ಅಂತ. ನಾನು ಕ್ಯಾಲೆಂಡರ್ ಬಿಡಿಸಿ ಹೇಳುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ. ಜೋರಾದರೆ ಬೆಟ್ಟದ ದಾರಿಗಳು ಬಂದ್. ಫೆಬ್ರವರಿ ಬಂತೆಂದರೆ ಹುಲ್ಲು ಒಣಗಿ ಬೆಂಕಿಯ ಭಯ, ಆಗಲೂ ಅರಣ್ಯ ಇಲಾಖೆಯವರು ಚಾರಣ ನಿಲ್ಲಿಸುವುದುಂಟು. ಉಳಿದದ್ದು ಅಕ್ಟೋಬರಿನಿಂದ ಜನವರಿ. ಅದರಲ್ಲಿ ದಸರಾ ರಜೆ, ದೀಪಾವಳಿ, ಕ್ರಿಸ್‌ಮಸ್, ಹೊಸ ವರ್ಷ, ಸಂಕ್ರಾಂತಿ, ಗಣರಾಜ್ಯೋತ್ಸವ. ಅಂದರೆ ಇಡೀ ಕರ್ನಾಟಕಕ್ಕೂ, ಪಕ್ಕದ ಕೇರಳಕ್ಕೂ ರಜೆ ಸಿಗುವ ದಿನಗಳಲ್ಲೇ ನಮ್ಮ ಬೆಟ್ಟದ ಬಾಗಿಲು ತೆರೆದಿರುತ್ತೆ. ಹನ್ನೆರಡು ತಿಂಗಳ ಜನ ನಾಲ್ಕು ತಿಂಗಳಲ್ಲಿ ಬಂದರೆ ಏನಾಗಬೇಕೋ ಅದೇ ಆಗುತ್ತಿದೆ.

ನೀವು ಆ ಫೋಟೋ ನೋಡಿರಬಹುದು. 2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ರಜೆಗೆ, ಕುಮಾರ ಪರ್ವತದ ದಾರಿಯಲ್ಲಿ ಸಾವಿರಾರು ಜನ ಒಬ್ಬರ ಹಿಂದೊಬ್ಬರು ನಿಂತಿದ್ದರು. ಅದು ಸುಬ್ರಹ್ಮಣ್ಯದ ಕಡೆಯಿಂದ ಹತ್ತುವ ದಾರಿ, ಬೆಟ್ಟ ಮಾತ್ರ ನಮಗೂ ದಕ್ಷಿಣ ಕನ್ನಡಕ್ಕೂ ಗಡಿಯಲ್ಲಿ ಕೂತಿದೆ. ನಾವು ಪುಷ್ಪಗಿರಿ ಅಂತೀವಿ, 1,712 ಮೀಟರ್. ಆ ಫೋಟೋ ಬಂದ ಮೇಲೆ ಸರ್ಕಾರ ಎಚ್ಚೆತ್ತು ಕೆಲವು ಕಾಲ ಚಾರಣ ನಿಲ್ಲಿಸಿತು, ಆಮೇಲೆ ಆನ್‌ಲೈನ್ ಬುಕಿಂಗ್ ತಂದಿತು, ದಿನಕ್ಕೆ ಇಷ್ಟೇ ಜನ ಅಂತ ಲೆಕ್ಕ ಇಟ್ಟಿತು. ಇದಕ್ಕೆ ಬೈಯುವವರು ಬಹಳ. "ಬೆಟ್ಟಕ್ಕೂ ಟಿಕೆಟ್ಟಾ?" ಅಂತ. ನನಗೆ ಅದರಲ್ಲಿ ಏನೂ ತಪ್ಪು ಕಾಣುವುದಿಲ್ಲ. ತಡಿಯಂಡಮೋಳಿನಂಥ ಬೆಟ್ಟ, ಕೊಡಗಿನಲ್ಲೇ ಎತ್ತರದ್ದು, 1,748 ಮೀಟರ್, ವರ್ಷಕ್ಕೊಮ್ಮೆ ಹತ್ತುವ ಬೆಟ್ಟ. ಬುಕ್ ಮಾಡಿ ಬನ್ನಿ, ಕಕ್ಕಬೆಯಲ್ಲಿ ಇಳಿದು ಮೊದಲು ನಾಲ್ಕುನಾಡು ಅರಮನೆ ನೋಡಿ, ಆಮೇಲೆ ಹತ್ತಿ. ಟಿಕೆಟ್ಟಿನ ಬೆಟ್ಟಗಳಿಗೆ ನನ್ನ ತಕರಾರಿಲ್ಲ. ಟಿಕೆಟ್ಟಿಲ್ಲದ ಒಂದೂ ಇಲ್ಲವಲ್ಲ ಅನ್ನುವುದೇ ನನ್ನ ತಕರಾರು.

ಯಾಕೆಂದರೆ ಬೆಟ್ಟದ ಅಸಲಿ ರುಚಿ ಸಿಗುವುದು 'ಸೀಸನ್' ಅಲ್ಲದ ದಿನಗಳಲ್ಲೇ. ಅಕ್ಟೋಬರ್, ನವೆಂಬರ್ ಬಗ್ಗೆ ನಾನು ಏನೂ ಬರೆಯಲ್ಲ. ಬೆಳಿಗ್ಗೆ ಮೋಡ ಕೆಳಗೆ, ನಾವು ಮೇಲೆ, ಆ ಫೋಟೋ ಎಲ್ಲರ ಫೋನಿನಲ್ಲೂ ಇದೆ. ಮಾರ್ಚ್ ಕೊನೆ, ಏಪ್ರಿಲ್ ನೋಡಿ. ಹೂಮಳೆ ಅಂತ ಒಂದು ಮಳೆ ಬೀಳುತ್ತೆ. ಬೀಳದಿದ್ದರೆ ತೋಟದವರ ಮುಖ ಆ ವಾರವೆಲ್ಲ ನೋಡುವ ಹಾಗಿರಲ್ಲ. ಮೊದಲೆಲ್ಲ ಮಳೆಗೇ ಕಾಯುತ್ತಿದ್ದರು, ಈಗ ಕೆರೆ ಇದ್ದವರು ಸ್ಪ್ರಿಂಕ್ಲರ್ ಹಾಕುತ್ತಾರೆ, ಹಾಗಾಗಿ ಒಂದು ತೋಟ ಹೂ ಬಿಟ್ಟಿದ್ದರೆ ಪಕ್ಕದ್ದು ಇನ್ನೂ ಹಸಿರಾಗೇ ನಿಂತಿರುತ್ತೆ. ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ಗಿಡದ ಗೆಣ್ಣು ಗೆಣ್ಣಿಗೂ ಬಿಳಿ ಹೂವಿನ ಗೊಂಚಲು ಕಟ್ಟುತ್ತೆ. ಎಲೆಯ ಬುಡದಲ್ಲಿ ಒತ್ತೊತ್ತಾಗಿ ಕೂತಿರುತ್ತೆ, ಕೊಂಬೆ ಹಿಡಿದು ಎತ್ತಿದರೆ ಎಲೆಯೇ ಮರೆ. ವಾಸನೆ ಮಲ್ಲಿಗೆಗೆ ಹತ್ತಿರ, ಆದರೆ ಸ್ವಲ್ಪ ಮಂದ. ಬೆಳಗ್ಗಿನ ಹೊತ್ತು ಏರುದಾರಿಯಲ್ಲಿ ನಡೆದರೆ ತೋಟದ ಸಾಲಿಗೆ ಸರಿಯಾಗಿ ವಾಸನೆ ಬರುತ್ತೆ, ಹೋಗುತ್ತೆ, ಮತ್ತೆ ಬರುತ್ತೆ. ಹತ್ತಿರ ಹೋದರೆ ಜೇನುನೊಣದ ಸದ್ದು. ಮೂರು ನಾಲ್ಕು ದಿನ ಅಷ್ಟೇ. ಆಮೇಲೆ ಹೂ ಕಂದಾಗಿ, ಚಹಾಪುಡಿ ಬಣ್ಣಕ್ಕೆ ತಿರುಗಿ, ಕೈ ತಾಗಿದರೆ ಉದುರುತ್ತೆ. ಈ ಮೂರು ದಿನಕ್ಕೆ ಯಾರಾದರೂ ಬೆಂಗಳೂರಿನಿಂದ ಬುಕ್ ಮಾಡಿ ಬರಲು ಆಗುತ್ತಾ? ಆಗಲ್ಲ. ಪಕ್ಕದಲ್ಲೇ ಇದ್ದವನಿಗೆ ಮಾತ್ರ ಸಿಗುವಂಥದ್ದು ಇದು.

ಮಳೆಗಾಲವೂ ಅಷ್ಟೇ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಅದರಲ್ಲಿ ಬಹುಪಾಲು ನಾಲ್ಕು ತಿಂಗಳಲ್ಲೇ ಸುರಿಯುತ್ತೆ. ಜುಲೈನಲ್ಲಿ ಬಟ್ಟೆ ಒಣಗಲ್ಲ, ಗೋಡೆ ಬೆವರುತ್ತೆ, ಬೀರುವಿನಲ್ಲಿಟ್ಟ ಬೆಲ್ಟಿಗೆ ಬೂಷ್ಟು ಹಿಡಿಯುತ್ತೆ, ಮಕ್ಕಳು ರಾತ್ರಿ ಮಲಗುವ ಮೊದಲು ನಾಳೆ ಡಿಸಿ ರಜೆ ಕೊಡುತ್ತಾರಾ ಅಂತ ದೇವರಿಗೆ ದೀಪ ಹಚ್ಚುತ್ತಾರೆ. ಒಳಗೇ ಕೂತರೆ ಹುಚ್ಚು ಹಿಡಿಯುತ್ತೆ. ಹಾಗಾಗಿ ಮಳೆ ಒಂದಿಷ್ಟು ಹೊಳವಾದ ಕೂಡಲೇ ನಾನು ಗಾಳಿಬೀಡಿನ ಕಡೆ ಹೊರಡುತ್ತೇನೆ. ಕೊಡೆ ಪ್ರಯೋಜನವಿಲ್ಲ, ಗಾಳಿಗೆ ಮಗುಚುತ್ತೆ. ರೈನ್‌ಕೋಟು, ಮೊಣಕಾಲಿನ ತನಕ ಗಂಬೂಟು. ಗಂಬೂಟಿನ ಮೇಲ್ತುದಿಗೆ ಒಂದಿಷ್ಟು ಉಪ್ಪು ಅಥವಾ ಹೊಗೆಸೊಪ್ಪಿನ ನೀರು ಸವರಬೇಕು, ಜಿಗಣೆಗೆ.

ಜಿಗಣೆಯ ಬಗ್ಗೆ ಹೊರಗಿನವರಿಗೆ ಇರುವ ಭಯ ನೋಡಿದರೆ ನಗು ಬರುತ್ತೆ. ಕೂತು ನೋಡುವಂಥ ಪ್ರಾಣಿ ಅದು. ಹುಲ್ಲಿನ ತುದಿಯಲ್ಲಿ ಹಿಂಬದಿಯ ಹೀರುಬಟ್ಟಲು ಊರಿ ನಿಂತು, ದಾರದ ಎಳೆಯಷ್ಟು ಸಣ್ಣ ಮೈಯನ್ನು ಗಾಳಿಯಲ್ಲಿ ಆಡಿಸುತ್ತಾ ಇರುತ್ತೆ. ನೀವು ಹತ್ತಿರ ಉಸಿರು ಬಿಟ್ಟರೆ ಸಾಕು, ತಟ್ಟನೆ ನಿಮ್ಮ ಕಡೆ ತಿರುಗುತ್ತೆ. ಕಚ್ಚಿದ್ದು ಗೊತ್ತೇ ಆಗಲ್ಲ. ಮನೆಗೆ ಬಂದು ಕಾಲುಚೀಲ ತೆಗೆದಾಗ ದ್ರಾಕ್ಷಿ ಹಣ್ಣಿನ ಹಾಗೆ ಉಬ್ಬಿ ಉದುರುತ್ತೆ, ರಕ್ತ ಮಾತ್ರ ಸುಮಾರು ಹೊತ್ತು ನಿಲ್ಲಲ್ಲ. ಎಳೆದು ಕೀಳಬೇಡಿ, ಉಗುರಿನಿಂದ ಮೆಲ್ಲಗೆ ಬಾಯಿ ಬಿಡಿಸಿ. ಅಷ್ಟೇ. ಊರಿನವರಿಗೆ ಇದೊಂದು ವಿಷಯವೇ ಅಲ್ಲ.

ಇದೇ ಹೊತ್ತಿಗೆ ಕಕ್ಕಡ, ಕೊಡವರ ಮಳೆಗಾಲದ ತಿಂಗಳು. ಆಗಸ್ಟ್ 3ಕ್ಕೆ ಮದ್ದುಸೊಪ್ಪು ತರುತ್ತಾರೆ. ಆಟಿ ಸೊಪ್ಪು ಅಂತಲೂ ಅನ್ನುತ್ತಾರೆ. ಕಾಡಿನ ಅಂಚಿನಲ್ಲಿ ತನ್ನಷ್ಟಕ್ಕೆ ಬೆಳೆಯುವ ಗಿಡ, ಕಕ್ಕಡ ಹದಿನೆಂಟರಂದು ಅದರಲ್ಲಿ ಹದಿನೆಂಟು ಬಗೆಯ ಮದ್ದು ಕೂಡುತ್ತೆ ಅಂತ ನಂಬಿಕೆ. ಬೇಯಿಸಿದ ನೀರು ಕಡು ನೇರಳೆ. ಪಾಯಸ ಮಾಡಿದರೆ ಅದೂ ನೇರಳೆ. ಮರುದಿನ ಬೆಳಿಗ್ಗೆ ಬಚ್ಚಲಿನಲ್ಲಿ ಗಾಬರಿಯಾಗಬೇಡಿ, ಬಣ್ಣ ಅಲ್ಲೂ ಬರುತ್ತೆ. ನನ್ನ ಹೆಂಡತಿ ಮೊದಲ ವರ್ಷ ಡಾಕ್ಟರ ಹತ್ತಿರ ಹೊರಟೇಬಿಟ್ಟಿದ್ದಳು. ಅಂಕಲ್ ಮನೆಯ ಆಂಟಿ ನಗುತ್ತಾ ತಡೆದರು.

ಮಳೆಯಲ್ಲಿ ಬೆಟ್ಟ ಸುತ್ತುವುದು ಅಂದಾಗ 2018ರ ನೆನಪು ಬಾರದೇ ಇರಲ್ಲ. ಆ ಆಗಸ್ಟಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಮೊಣ್ಣಂಗೇರಿ, ಜೋಡುಪಾಲ, ಒಂದೇ ವಾರದಲ್ಲಿ ಬೆಟ್ಟದ ಮೈಗಳು ಕಳಚಿ ಬಿದ್ದವು. ಮನೆ, ತೋಟ, ರಸ್ತೆ, ಎಲ್ಲಾ. ಮಂಗಳೂರು ರಸ್ತೆ ತಿಂಗಳುಗಟ್ಟಲೆ ಸರಿಯಾಗಲಿಲ್ಲ. ಎರಡು ವರ್ಷ ಕಳೆದು 2020ರ ಆಗಸ್ಟಿನಲ್ಲಿ ತಲಕಾವೇರಿಯ ಪಕ್ಕದಲ್ಲೇ ಗುಡ್ಡ ಕುಸಿದು ಅರ್ಚಕರ ಕುಟುಂಬವೇ ಮಣ್ಣಿನಡಿ ಹೋಯಿತು. ಆಮೇಲೆ ನಮ್ಮೂರಿನ ಜನ ಮಳೆಯನ್ನು ಕೇಳಿಸಿಕೊಳ್ಳುವ ರೀತಿಯೇ ಬೇರೆ ಆಗಿದೆ. ಈಗಲೂ ಮಕ್ಕಂದೂರಿನ ಕಡೆ ಹೋದರೆ ಆಗ ಕೆಂಪಾಗಿ ಸೀಳಿದ್ದ ಜಾಗಗಳು ಹಸಿರಾಗಿವೆ, ಆದರೆ ಪಕ್ಕದ ಹಸಿರಿಗೂ ಇದಕ್ಕೂ ಹೊಂದಲ್ಲ. ಗಿಡವೆಲ್ಲ ಒಂದೇ ವಯಸ್ಸಿನವು, ಗೊತ್ತಾಗಿಬಿಡುತ್ತೆ. ಹಾಗಾಗಿ ಮಳೆಯಲ್ಲಿ ನಡೆಯಿರಿ ಅಂತ ನಾನು ಹೇಳಿದರೆ ಅದಕ್ಕೊಂದು ಮಿತಿ ಇದೆ. ರೆಡ್ ಅಲರ್ಟ್ ದಿನ ಮನೆಯಲ್ಲಿರಿ. ಎರಡು ಮೂರು ದಿನ ಬಿಡದೆ ಸುರಿದ ಮೇಲೆ ಇಳಿಜಾರು ಕಡಿದು ಮಾಡಿದ ರಸ್ತೆಯ ಕಡೆ ಹೋಗಲೇಬೇಡಿ, ಮಳೆ ನಿಂತಿದ್ದರೂ. ನೀರು ಕುಡಿದ ಮಣ್ಣು ಮಳೆ ನಿಂತ ಮೇಲೂ ಜಾರುತ್ತೆ.

ಇನ್ನು ಮಾಂದಲಪಟ್ಟಿ. ಮಡಿಕೇರಿಗೆ ಹತ್ತಿರದ ಬೆಟ್ಟ ಅಂದರೆ ಈಗ ಎಲ್ಲರೂ ಹೇಳುವುದು ಅದೇ. ಒಂದು ಕಾಲಕ್ಕೆ ಊರಿನವರಿಗೂ ಅಷ್ಟು ಗೊತ್ತಿರದ ಜಾಗ, ಸಿನಿಮಾದಲ್ಲಿ ಬಂದ ಮೇಲೆ ಹೆಸರಾಯಿತು. ಪುಷ್ಪಗಿರಿಯ ಕಾಡಿಗೆ ಸೇರಿದ ಹುಲ್ಲು ಬೆಟ್ಟ, ಚೆಂದ ಅಂದರೆ ಚೆಂದ, ಅದರಲ್ಲಿ ಎರಡು ಮಾತಿಲ್ಲ. 2022ರಲ್ಲಿ ಅಲ್ಲೂ ಕೋಟೆಬೆಟ್ಟದಲ್ಲೂ ಕುರಿಂಜಿ ಅರಳಿದಾಗ ನಾನೂ ಹೋಗಿದ್ದೆ. ಹೂವು ನೋಡುವುದಕ್ಕಿಂತ ಹೆಚ್ಚು ಹೊತ್ತು ಜೀಪು ಸರಿಯಲಿ ಅಂತ ಬದಿಯಲ್ಲಿ ನಿಂತಿದ್ದೆ. ಕೊನೆಯ ಭಾಗದ ದಾರಿ ಕಾರಿಗೆ ಆಗಲ್ಲ, ಜೀಪೇ ಬೇಕು. ಜೀಪಿನವರನ್ನು ನಾನು ದೂರುವುದಿಲ್ಲ, ಎಷ್ಟೋ ಮನೆಗಳು ಅದರಿಂದಲೇ ನಡೆಯುತ್ತಿವೆ, 2018ರಲ್ಲಿ ತೋಟ ಕಳೆದುಕೊಂಡು ಸ್ಟೇರಿಂಗ್ ಹಿಡಿದವರನ್ನೂ ನಾನು ಬಲ್ಲೆ.

ಆದರೆ ಹುಲ್ಲಿನ ಬೆಟ್ಟದ ಮೇಲೆ ಚಕ್ರ ಏನು ಮಾಡುತ್ತೆ ಅಂತ ಒಮ್ಮೆ ಇಳಿದು ನೋಡಬೇಕು. ಹೊರಗಿನ ಕಣ್ಣಿಗೆ ಅದು ಬರೀ ಹುಲ್ಲು, ಖಾಲಿ ಜಾಗ, ಜೀಪು ಓಡಿಸಿದರೆ ಏನಾಗುತ್ತೆ ಅನ್ನಿಸುತ್ತೆ. ಅಲ್ಲಿನ ಮಣ್ಣಿನ ಮೇಲ್ಪದರ ತೆಳು, ಅದನ್ನು ಹಿಡಿದಿರುವುದೇ ಹುಲ್ಲಿನ ಬೇರು. ಮೇಲೆ ಬಿದ್ದ ಮಳೆ ಹುಲ್ಲಿನಲ್ಲಿ ತಡೆದು, ಮೆಲ್ಲಗೆ ಇಂಗಿ, ಬೆಟ್ಟದ ಮಡಿಕೆಯಲ್ಲಿರುವ ಶೋಲಾ ಕಾಡಿಗೆ ಇಳಿದು, ಅಲ್ಲಿಂದ ತೊರೆಯಾಗಿ ಹೊರಬರುತ್ತೆ. ಬೇಸಿಗೆಯಲ್ಲೂ ತೊರೆ ಬತ್ತದೆ ಇರುವುದು ಇದೇ ಕಾರಣಕ್ಕೆ. ಜೀಪು ಒಂದೇ ಜಾಡಿನಲ್ಲಿ ಹೋಗಿ ಹೋಗಿ ಹುಲ್ಲು ಸಾಯುತ್ತೆ, ಎರಡು ಗೀರು ಬೀಳುತ್ತೆ. ಮುಂದಿನ ಮಳೆಗೆ ನೀರು ಆ ಗೀರು ಹಿಡಿದು ನೇರ ಓಡುತ್ತೆ, ಗೀರು ಚರಂಡಿಯಾಗುತ್ತೆ, ಚರಂಡಿ ಕೊರಕಲಾಗುತ್ತೆ. ಆಗ ಚಾಲಕ ಏನು ಮಾಡಬೇಕು? ಕೊರಕಲು ತಪ್ಪಿಸಿ ಪಕ್ಕದ ಹುಲ್ಲಿನ ಮೇಲೆ ಹೋಗುತ್ತಾನೆ. ಅಲ್ಲಿ ಮತ್ತೆರಡು ಗೀರು. ಸೊಂಟದುದ್ದ ಕೊರಕಲಿನಲ್ಲಿ ನಿಂತು ಮೇಲೆ ನೋಡಿದರೆ ಕಡಿದ ಮಣ್ಣಿನ ಅಂಚಿನಲ್ಲಿ ಹುಲ್ಲಿನ ಬೇರು ನೇತಾಡುವುದು ಕಾಣುತ್ತೆ. ಜೀಪಿನ ಸೀಟಿನಿಂದ ಅದು ಯಾರಿಗೂ ಕಾಣಲ್ಲ. ಹತ್ತಿಪ್ಪತ್ತು ನಿಮಿಷ ಮೇಲೆ ನಿಂತು, ವಿಡಿಯೋ ತೆಗೆದು, ಅಬ್ಬಿ ಜಲಪಾತಕ್ಕೆ ಹೊರಡುತ್ತಾರೆ. ಬೆಟ್ಟಕ್ಕೆ ಬಂದು ಬೆಟ್ಟದಲ್ಲಿ ಒಂದು ಫರ್ಲಾಂಗು ನಡೆಯದವರೇ ಜಾಸ್ತಿ.

ಹಾಗಾದರೆ ನನ್ನ ವರ್ಷವಿಡೀ ಬೆಟ್ಟ ಯಾವುದು ಅಂತ ಕೇಳುತ್ತೀರಿ. ಹೇಳಿದರೆ ನಗಬೇಡಿ, ಒಂದು ರಾಜಾಸೀಟು. ಸಂಜೆಯ ರಾಜಾಸೀಟಲ್ಲ, ಸಂಜೆ ಅಲ್ಲಿ ಕಾಲಿಡಲು ಜಾಗ ಇರಲ್ಲ, ಚುರುಮುರಿ, ಸೆಲ್ಫಿ, ಸಂಗೀತ ಕಾರಂಜಿ. ಬೆಳಗಿನದ್ದು. ಆ ನಾಲ್ಕು ಕಂಬದ ಪುಟ್ಟ ಮಂಟಪದ ಪಕ್ಕ ನಿಂತರೆ ಕೆಳಗೆ ಮಂಗಳೂರು ರಸ್ತೆ ತಿರುಗಿ ತಿರುಗಿ ಇಳಿಯುವುದು ಕಾಣುತ್ತೆ, ಮೋಡ ಇದ್ದರೆ ಬಸ್ಸಿನ ಸದ್ದು ಮಾತ್ರ ಮೇಲೆ ಬರುತ್ತೆ. ಊರಿನ ವಾಕಿಂಗ್ ಜನ ಅಲ್ಲಿ ಸಿಗುತ್ತಾರೆ. ಕಾಳುಮೆಣಸಿನ ರೇಟು, ಮಗಳ ಮದುವೆ, ಹಾಕಿ ಪಂದ್ಯ, ಸಕ್ಕರೆ ಕಾಯಿಲೆ, ಎಲ್ಲಾ ಮಾತೂ ಅಲ್ಲೇ. ಇನ್ನೊಂದು, ಗಾಳಿಬೀಡಿನ ಕಡೆಯ ರಸ್ತೆ. ನಾವು ಮನೆಯಲ್ಲಿ ಕುಡಿಯುವ ನೀರು ಬರುವ ಕೂಟುಹೊಳೆ ಆ ಕಡೆಯೇ ಇದೆ. ಎರಡು ಬದಿಯ ಕಾಡಿನಲ್ಲಿ ಜೀರುಂಡೆ, ಮಲಬಾರ್ ವಿಸ್ಲಿಂಗ್ ಥ್ರಷ್ ಹಕ್ಕಿ ಮನುಷ್ಯರ ಹಾಗೇ ಶಿಳ್ಳೆ ಹಾಕುತ್ತೆ, ಹೊಸಬರು ಯಾರೋ ಪೋಲಿ ಅಂತ ತಿರುಗಿ ನೋಡುತ್ತಾರೆ. ಬೆಳಕು ಸರಿಯಾಗಿ ಹರಿಯದೆ ಆ ಕಡೆ ಒಬ್ಬರೇ ಹೋಗಬೇಡಿ. ಆನೆ ಎಲ್ಲಿ ಇರುತ್ತೆ ಅಂತ ಕೊಡಗಿನಲ್ಲಿ ಈಗ ಯಾರೂ ಗ್ಯಾರಂಟಿ ಕೊಡಲ್ಲ.

ಇವೆರಡರಲ್ಲಿ ಒಂದು ಉದ್ಯಾನ, ಇನ್ನೊಂದು ಡಾಂಬರು ರಸ್ತೆ. ಎರಡೂ ಬೆಟ್ಟವಲ್ಲ. ಆದರೂ ವರ್ಷದ ಎಲ್ಲಾ ತಿಂಗಳೂ ಹೋಗಬಹುದು, ಕಾಸು ಕೊಡಬೇಕಿಲ್ಲದ ದಾರಿಯೂ ಒಂದಿದೆ, ಮನೆಗೆ ಬಂದು ಕಡುಬು ತಿಂದು ಕೆಲಸಕ್ಕೆ ಹೋಗಬಹುದು. ನನಗೆ ಬೇಕಿರುವುದು ಇದರ ಮುಂದಿನ ಒಂದು ಹೆಜ್ಜೆ. ಊರಿನ ಅಂಚಿನಲ್ಲಿ ಒಂದೇ ಒಂದು ಗುಡ್ಡ ಸಾಕು. ಇಷ್ಟು ದೊಡ್ಡ ಜಿಲ್ಲೆಯಲ್ಲಿ ಒಂದು ಗುಡ್ಡ ಸಿಗಲ್ವಾ? ಕಾಲುದಾರಿ ಮಾಡಿ, ಜಾರದ ಹಾಗೆ ಅಲ್ಲಲ್ಲಿ ಕಲ್ಲು ಹಾಕಿ, ನೀರು ಹೋಗಲು ದಾರಿಗೆ ಅಡ್ಡ ಚರಂಡಿ ಕಡಿಯಿರಿ. ವಯಸ್ಸಾದವರು ಕೂರಲು ಒಂದೆರಡು ಬೆಂಚು. ಮಳೆ ಜೋರಾದರೆ ಮುಚ್ಚಿ, ಬೆಂಕಿ ಭಯ ಇದ್ದರೆ ಮುಚ್ಚಿ, ಒಪ್ಪಿಕೊಳ್ಳುತ್ತೇವೆ, ನಾವೂ ಇಲ್ಲೇ ಇರುವವರಲ್ವಾ, ಮುಂದಿನ ವಾರ ಹೋದರಾಯಿತು. ಕೆಳಗೆ ಪಾರ್ಕಿಂಗ್ ಮಾಡಬೇಡಿ, ಮಾಡಿದರೆ ಟೆಂಪೋ ಟ್ರಾವೆಲರ್ ಬರುತ್ತೆ, ಅದರ ಹಿಂದೆ ಅಂಗಡಿ ಬರುತ್ತೆ, ಆಮೇಲೆ ಅದೂ ಒಂದು ಸ್ಪಾಟ್.

ಅಂಕಲ್‌ಗೆ ಈ ಐಡಿಯಾ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಮಾಡಿದರೆ ಒಳ್ಳೇದೇ. ಆದ್ರೆ ಮೊದಲ ದಿನವೇ ಅಲ್ಲಿ 'ಐ ಲವ್ ಕೂರ್ಗ್' ಅಂತ ಬೋರ್ಡ್ ಹಾಕ್ತಾರೆ ನೋಡು" ಅಂದರು. ಹಾಕದಿದ್ದರೆ ಅವರೂ ಬರುತ್ತಾರಂತೆ.